ಮಗಳಿಗೆ ಮಗಳಾದ ಎಲೋದಿಯಾ

ಕತಕಾವೋಸ್ ಊರಿನ ಟೋಪಿ ಹೆಣೆಯುವವರ ಬೀದಿಯಲ್ಲಿ ಎಲೋದಿಯಾ ಯರ್ಲೆಕೆ ಹತ್ತೊಂಬತ್ತು ವರ್ಷ ಸುಗಂಧ ಮಾರಿದಳು. ಅಂಗಡಿ ಇಟ್ಟು ಮಾರಿದ್ದಲ್ಲ. ಮೂರು ವಾರಕ್ಕೊಮ್ಮೆ ಸುಗಂಧದ ಕಂಪನಿಯಿಂದ ಸರಕಿನ ಚಿತ್ರ, ಬೆಲೆಗಳಿರುವ ಬಣ್ಣದ ಪುಸ್ತಕ ಬರುತ್ತಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ಮನೆಮನೆಗೆ ಹೋಗಿ, ಯಾರಿಗೆ ಏನು ಬೇಕೆಂದು ಬರೆದುಕೊಂಡು, ಪಟ್ಟಿ ಕಳಿಸಿ, ಪೆಟ್ಟಿಗೆ ಬಂದ ಮೇಲೆ ಹಂಚುತ್ತಿದ್ದಳು. ಒಂದು ಪುಸ್ತಕಕ್ಕೆ ಒಂದು ಸುತ್ತು.

ಅವಳದೇ ಒಂದು ಪದ್ಧತಿ ಇತ್ತು. ಮಾದರಿ ಶೀಶೆಯಿಂದ ಒಂದು ಹನಿ ತೆಗೆದು ಕೊಳ್ಳುವವಳ ಮಣಿಕಟ್ಟಿಗೆ ಹಚ್ಚಿ, “ಹೋಗಿ, ನಿಮ್ಮ ಕೆಲಸ ನೋಡ್ಕೊಳ್ಳಿ” ಎನ್ನುತ್ತಿದ್ದಳು. ಆಕೆ ಬಟ್ಟೆ ಹಿಂಡುವುದೋ ಟೋಪಿಯ ಹುಲ್ಲು ಸೀಳುವುದೋ ಮುಗಿಸಿ ಬರುವತನಕ ಹೊಸ್ತಿಲಲ್ಲಿ ಕಾಯುತ್ತಿದ್ದಳು. ಆಮೇಲೆ ಕೈ ಹಿಡಿದು ಕಣ್ಣು ಮುಚ್ಚಿ ಮೂಸುತ್ತಿದ್ದಳು. ಒಂದೇ ಸುಗಂಧ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಕೂರುತ್ತದೆ ಎಂಬುದು ಅವಳ ಮಾತು. ಸರಿಹೋಗದಿದ್ದರೆ, “ಬೇಡ, ಇದು ನಿಮಗಲ್ಲ” ಎಂದು ಪುಸ್ತಕ ಮುಚ್ಚಿಬಿಡುವಳು. ಹೀಗೆ ಬೇಡ ಎನ್ನುತ್ತಿದ್ದುದರಿಂದಲೇ ಅವಳಿಗೆ ಅಷ್ಟು ಗಿರಾಕಿಗಳು ಕೂಡಿದ್ದರು.

ಹೊಸಬಳನ್ನು ಕಂಪನಿಗೆ ಸೇರಿಸಿದವಳನ್ನು ಅಲ್ಲಿಯ ಹೆಂಗಸರು ಮದ್ರಿನಾ ಎನ್ನುತ್ತಾರೆ. ಮದ್ರಿನಾ ಎಂದರೆ ಧರ್ಮತಾಯಿ. ಧರ್ಮತಾಯಿ ಎದುರಿಗೆ ಬಂದರೆ ನಿಂತು ಆಶೀರ್ವಾದ ಕೇಳುವುದು ಊರಿನ ರೂಢಿ. ಎಲೋದಿಯಾ ಸೇರಿಸಿದ್ದು ಒಬ್ಬಳನ್ನೇ, ಬೆಳ್ಳಿ ಕೆಲಸದವನ ಹೆಂಡತಿ ನೇಲಿದಾಳನ್ನು. ಒಂಬತ್ತು ವರ್ಷದ ಹಿಂದೆ ನೇಲಿದಾ ಎಷ್ಟು ನಾಚಿಕೆಯವಳೆಂದರೆ, ಬಾಗಿಲು ತಟ್ಟಿ ಪುಸ್ತಕವನ್ನು ಸಂದಿಯಲ್ಲಿ ತೂರಿಸಿ ಓಡಿಹೋಗುತ್ತಿದ್ದಳು. ಎಲೋದಿಯಾ ಅವಳ ರಟ್ಟೆ ಹಿಡಿದು ನಿಲ್ಲಿಸಿ, “ಬಾಗಿಲು ತೆಗೆಯೋವರೆಗೂ ನಿಂತ್ಕೋಬೇಕು ಕಣೇ, ಅವರೇನು ನಾಯಿ ಬಿಡ್ತಾರಾ?” ಎಂದು ಕಲಿಸಿದಳು. ಒಮ್ಮೆ ನಿಜವಾಗಿಯೂ ನಾಯಿ ಬಿಟ್ಟರು. ಆ ದಿನ ಇಬ್ಬರೂ ಓಡಿದರು.

ಹೀಗಿರುವಾಗ ಒಂದು ವರ್ಷ ಎಲೋದಿಯಾಳಿಗೆ ಕೆಟ್ಟ ನೆಗಡಿ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೆ ಒಯ್ದಿತು. ಕಾಫಿಗೆ ವಾಸನೆಯಿಲ್ಲ, ಸೋಪಿಗೆ ವಾಸನೆಯಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದುಕೊಂಡು ಅವಳು ಯಾರಿಗೂ ವಿಷಯ ಹೇಳಲಿಲ್ಲ. ಮೆಕ್ಕೆಜೋಳದ ಹೆಂಡ ಚಿಚಾ ಮಾರುವ ಅಂಗಡಿಯ ಹಿರಿಯಾಕೆ ದೋನ್ಯಾ ಮೆಲ್ಚೋರಾ ಮೊಮ್ಮಗನ ನಾಮಕರಣಕ್ಕೆಂದು ಒಂದು ಸುಗಂಧ ಕೇಳಿದಾಗ, ಎಲೋದಿಯಾ ಎಂದಿನಂತೆ ಕೈ ಹಿಡಿದು ಮೂಸಿದಳು. ಏನೂ ತಿಳಿಯಲಿಲ್ಲ. ಆದರೂ, “ನಿಮಗೆ ಅಂತಲೇ ಮಾಡಿದ ಹಾಗಿದೆ” ಎಂದುಬಿಟ್ಟಳು.

ನಾಮಕರಣದ ದಿನ ಚರ್ಚಿನಲ್ಲಿ ಮೆಲ್ಚೋರಾಳ ಅಕ್ಕಪಕ್ಕದ ಎರಡು ಬೆಂಚಿನವರು ಸೀನಿದರು. ಪಾದ್ರಿಗಳೂ ಸೀನಿದರು. ಆಟೋ ಓಡಿಸುವ ಎಲೋದಿಯಾಳ ಗಂಡ ಸಾಂತೋಸ್ ಮನೆಗೆ ಬಂದು, “ಯಾರೋ ಮದುವೆ ಕೋಟನ್ನ ಮೂವತ್ತು ವರ್ಷ ಆದ್ಮೇಲೆ ಪೆಟ್ಟಿಗೆಯಿಂದ ತೆಗೆದ ಹಾಗಿತ್ತು ಮಾರಾಯ್ತಿ” ಎಂದು ನಕ್ಕ. ಎಲೋದಿಯಾ ನಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅದು ಅವಳ ಮೊದಲ ಸುಳ್ಳು. ಮರುದಿನದಿಂದ ಪುಸ್ತಕ ಹಿಡಿಯಲಿಲ್ಲ.

ಕೇಳಿದವರಿಗೆ ಮಂಡಿನೋವು ಎಂದಳು. ನಂಬಿಕೆ ಬರಲೆಂದು ಕುಂಟಲೂ ಶುರುಮಾಡಿದಳು. ಆದರೆ ಯಾವ ಕಾಲು ಎಂಬುದು ಅವಳಿಗೆ ನೆನಪಿರುತ್ತಿರಲಿಲ್ಲ. ಮೂರು ಸುತ್ತು ಪಟ್ಟಿ ಕಳಿಸದಿದ್ದರೆ ಹೆಸರು ತಾನಾಗಿ ಉದುರುತ್ತದೆ ಎಂಬುದು ಕಂಪನಿಯ ನಿಯಮ. ಮೂರು ಸುತ್ತು ಕಳೆಯಿತು, ಅವಳ ಹೆಸರೂ ಉದುರಿತು. ಬೀದಿಯ ಗಿರಾಕಿಗಳೆಲ್ಲ ನೇಲಿದಾಳ ಪಾಲಾದರು. ಅದೇ ತಿಂಗಳು ಕಂಪನಿಯ ವಲಯದವರ ಊಟದಲ್ಲಿ ನೇಲಿದಾಳಿಗೆ ಚಿನ್ನದ ಬಣ್ಣದ ಪದಕ ಸಿಕ್ಕಿತು. ಎಲೋದಿಯಾ ಆ ಊಟಕ್ಕೂ ಹೋಗಲಿಲ್ಲ.

ಜ್ವರ ಬಂದು ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಮೆಲ್ಚೋರಾಳ ಅಂಗಡಿಯ ಮುಂದೆ ಹಾದುಹೋಗುತ್ತಿದ್ದಳು. ಚಿಚಾ ಸಿದ್ಧವಾಗಿದೆ ಎನ್ನಲು ಬಾಗಿಲ ಮೇಲೆ ಬಿಳಿ ಬಾವುಟ ಕಟ್ಟಿತ್ತು. ಥಟ್ಟನೆ ಮೊಳಕೆ ಜೋಳ ಹುಳಿಬಂದ ವಾಸನೆ ಮೂಗಿಗೆ ಬಡಿಯಿತು. ಅವಳು ಬಿಸಿಲಲ್ಲೇ ನಿಂತಳು. ಕುಂಟುವುದನ್ನು ಮರೆತು ಮನೆಗೆ ಓಡಿದಳು. ಕಾಫಿ ಡಬ್ಬಿ, ಸೀಮೆಎಣ್ಣೆ, ತಲೆದಿಂಬು, ಎಲ್ಲವನ್ನೂ ಮೂಸಿದಳು. ಕೊನೆಗೆ ಗಂಡನ ಕುತ್ತಿಗೆಗೆ ಬಂದಳು.

“ನನ್ನನ್ಯಾಕೆ ಮೂಸ್ತೀಯಾ? ನಾನೇನು ಕರ್ಬೂಜವಾ?” ಎಂದ ಸಾಂತೋಸ್.

“ಸ್ನಾನ ಮಾಡಿ ಎಷ್ಟು ದಿನ ಆಯ್ತು?”

“ಎಂಟು ತಿಂಗಳಿಂದ ನೀನು ಕೇಳೇ ಇಲ್ವಲ್ಲ.”

ಕೂಡಲೇ ಅವಳು ವಲಯದ ಮೇಲ್ವಿಚಾರಕಿ ಸೆನ್ಯೋರಾ ಯೋವೆರಾಳಿಗೆ ಫೋನ್ ಮಾಡಿದಳು. ಆಕೆ ಒಳ್ಳೆಯವಳೇ, ಆದರೆ ನಿಯಮದವಳು. “ಹಳೇ ಸಂಖ್ಯೆ ವಾಪಸ್ ಬರಲ್ಲ ಎಲೋದಿಯಾ. ಹೊಸಬರ ಹಾಗೇ ಸೇರ್ಬೇಕು. ನಿಮ್ಮ ಬೀದಿ ಈಗ ನೇಲಿದಾ ಗುಂಪಿಗೆ ಸೇರಿದೆ, ಅವಳ ಹೆಸರಿನ ಕೆಳಗೇ ಸೇರ್ಬೇಕಾಗುತ್ತೆ. ಶನಿವಾರದೊಳಗೆ ಆದ್ರೆ ಈ ಸುತ್ತಿಗೇ ಪುಸ್ತಕ ಸಿಗುತ್ತೆ. ಅವಳು ಒಪ್ಪಿದ್ರೆ ಮಾತ್ರ.”

ಎಲೋದಿಯಾ ಫೋನ್ ಇಟ್ಟು ಕೂತಳು. ತಾನು ರಟ್ಟೆ ಹಿಡಿದು ನಡೆಸಿದ ಹುಡುಗಿಯನ್ನು ತಾನೇ ಮದ್ರಿನಾ ಎಂದು ಕರೆಯಬೇಕು.

“ಮಗಳಿಗೆ ಮಗಳಾಗ್ತೀಯಾ. ಹಾಗಾದ್ರೆ ನಾನು ಅವಳಿಗೆ ಏನಾಗ್ತೀನಿ?” ಎಂದು ಸಾಂತೋಸ್ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ.

“ಮೊದ್ಲು ಸ್ನಾನ ಆಗಲಿ,” ಎಂದಳು.

ಗುರುವಾರ ಮಧ್ಯಾಹ್ನ ನೇಲಿದಾ ಊಟಕ್ಕೆ ಮೆಲ್ಚೋರಾಳ ಅಂಗಡಿಗೆ ಬರುತ್ತಾಳೆಂದು ಎಲೋದಿಯಾಳಿಗೆ ಗೊತ್ತಿತ್ತು. ಹೋದಾಗ ಅವಳು ಬಾಳೆಕಾಯಿ ಜಜ್ಜಿ ಒಣಮಾಂಸ ಬೆರೆಸಿದ ಊಟದ ಮುಂದೆ ಕೂತಿದ್ದಳು. ಎದ್ದು ನಿಂತಳು, ಆಶೀರ್ವಾದ ಕೇಳಿದಳು, ಆದರೆ ಮುಖ ನೋಡಲಿಲ್ಲ. ಎಲೋದಿಯಾ ಬಂದ ಕಾರಣ ಹೇಳಿದಳು.

ನೇಲಿದಾ ಬಾಳೆಕಾಯಿ ಕೆದಕುತ್ತಲೇ ಕೇಳಿದಳು. “ಒಪ್ಪಿಗೆ ಕೊಡೋಕೆ ಮುಂಚೆ ಒಂದು ಕೇಳ್ಲಾ ಮದ್ರಿನಾ? ನಂಗೆ ಪದಕ ಬಂದಿದ್ದು ನಿಮಗೆ ಹೊಟ್ಟೆಯುರಿ ಆಯ್ತಾ?”

“ಹೊಟ್ಟೆಯುರಿಯಾ? ಯಾರು ಹೇಳಿದ್ದು? ನಂಗೆ ಮಂಡಿ...”

“ಸೋಮವಾರ ಎಡಗಾಲು, ಬುಧವಾರ ಬಲಗಾಲು. ಬೀದಿಗೆಲ್ಲ ಗೊತ್ತು.”

“ಭಾನುವಾರ ಎರಡೂ ಚೆನ್ನಾಗಿರ್ತಿತ್ತು,” ಎಂದಳು ಒಲೆಯ ಹತ್ತಿರದಿಂದ ಮೆಲ್ಚೋರಾ.

ಇನ್ನು ಮುಚ್ಚಿಟ್ಟು ಫಲವಿಲ್ಲ. ಜ್ವರ, ಮೂಗು, ನಾಮಕರಣ, ಎಲ್ಲವನ್ನೂ ಎಲೋದಿಯಾ ಹೇಳಿದಳು. ಕೊನೆಗೆ ಮೆಲ್ಚೋರಾಳ ಕಡೆ ತಿರುಗಿ, “ಅವತ್ತು ನಿಮಗೆ ಸುಳ್ಳು ಹೇಳಿದೆ ದೋನ್ಯಾ. ತಪ್ಪಾಯ್ತು,” ಎಂದಳು.

“ಅದಕ್ಕೇ ಪಾದ್ರಿಗಳು ಈಗ ನನ್ನ ನೋಡಿದ ತಕ್ಷಣ ಕರ್ಚೀಫು ತೆಗೆಯೋದು,” ಎಂದಳು ಮೆಲ್ಚೋರಾ. ಆದರೆ ಕೋಪ ಮಾಡಿಕೊಳ್ಳಲಿಲ್ಲ.

ನೇಲಿದಾ ತಟ್ಟೆ ಸರಿಸಿದಳು. “ಈಗ ಮೂಗು ಬಂದಿದೆ ಅಂತೀರಿ. ಮಂಡಿನೋವು ಅಂತ್ಲೂ ಅಂದಿದ್ರಿ. ನನ್ನ ಹೆಸರಿನ ಕೆಳಗೆ ಸೇರೋವರನ್ನ ನಾನು ನೋಡಿ ಸೇರಿಸ್ಕೋಬೇಕಲ್ವಾ? ನೀವೇ ಕಲಿಸಿದ್ದು. ಈಗ ಕಣ್ಣು ಮುಚ್ಕೊಳ್ಳಿ.”

ಅವಳು ಚೀಲ ಎತ್ತಿಕೊಂಡು ಒಳಗೆ ಹೋಗಿ ಮೂರು ಕರವಸ್ತ್ರ ಒದ್ದೆ ಮಾಡಿ ತಂದಳು. ಚಿಚಾ ಕುಡಿಯುತ್ತಿದ್ದ ನಾಲ್ಕು ಜನ ಸೋರೆ ಬುರುಡೆಗಳನ್ನು ಕೆಳಗಿಟ್ಟು ತಿರುಗಿ ಕೂತರು.

ಮೊದಲನೆಯದು ಮೂಗಿನ ಹತ್ತಿರ ಬಂತು. “ನಿಂಬೆ ಹೂವು. ಹಳದಿ ಮುಚ್ಚಳದ ಶೀಶೆ. ಬಿಸಿಲಿಗೆ ಹಾಕೋಬಾರದು,” ಎಂದಳು ಎಲೋದಿಯಾ. ಎರಡನೆಯದು ಬಂತು. “ಗಂಡಸರದು. ನಿನ್ನ ಗಂಡನಿಗೆ ನಾನೇ ಆರಿಸಿಕೊಟ್ಟಿದ್ದು.” ಯಾರೋ ಬೆಂಚು ತಟ್ಟಿದರು.

ಮೂರನೆಯದು ಬಂತು. ಎಲೋದಿಯಾ ಮೂಸಿದಳು. ಇನ್ನೊಮ್ಮೆ ಮೂಸಿದಳು. ಏನೂ ಇಲ್ಲ. ಬಂದ ಮೂಗು ಮತ್ತೆ ಹೋಯಿತೆ? ಬಾಯಿಗೆ ಒಂದು ಹೆಸರು ಬಂದಿತ್ತು. ಈ ಬೀದಿಯಲ್ಲಿ ಎಲ್ಲರೂ ಕೊಳ್ಳುವ ಗುಲಾಬಿಯದು. ಹೇಳಿದರೆ ಹತ್ತಕ್ಕೆ ಎಂಟು ಸಲ ಸರಿಯಾಗಿರುತ್ತದೆ. ಪುಸ್ತಕ ಸಿಗುತ್ತದೆ, ಬೀದಿಯೂ ಸಿಗುತ್ತದೆ. ಆದರೆ ಕಣ್ಣು ಮುಚ್ಚಿದ್ದರೂ, ಸೀನುತ್ತಿದ್ದ ಆ ಎರಡು ಬೆಂಚುಗಳು ಕಂಡವು.

“ನಂಗೇನೂ ಗೊತ್ತಾಗ್ತಿಲ್ಲ ಕಣೇ,” ಎಂದಳು. ಕಣ್ಣು ತೆರೆದು ಚೀಲ ಎತ್ತಿಕೊಂಡು ಎದ್ದಳು. “ನಾನೇ ಆತುರಪಟ್ಟೆ. ಇನ್ನೂ ಪೂರ್ತಿ ಬಂದಿಲ್ಲ ಅನ್ಸುತ್ತೆ.”

“ಕೂತ್ಕೊಳ್ಳಿ ಮದ್ರಿನಾ. ಅದು ಮಡಕೆ ನೀರು,” ಎಂದಳು ನೇಲಿದಾ.

ಅಂಗಡಿಯೆಲ್ಲ ನಕ್ಕಿತು. ನೇಲಿದಾ ಮಾತ್ರ ನಗದೆ ಅದೇ ಒದ್ದೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು. ಆಮೇಲೆ ಫೋನ್ ತೆಗೆದು ಒಂದೊಂದೇ ಪ್ರಶ್ನೆ ಕೇಳಿ ಸೇರುವ ಅರ್ಜಿ ತುಂಬಿಸಿದಳು. “ಹಿಂದೆ ಎಲ್ಲಾದ್ರೂ ಮಾರಿದ ಅನುಭವ ಇದೆಯಾ?” ಎಂದು ಓದಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೊಸಬರಿಗೆ ಕೊಡುವ ಕೈಪಿಡಿಯನ್ನೂ ಕೊಟ್ಟಳು. ಬಾಗಿಲು ತಟ್ಟುವುದು ಹೇಗೆ ಎಂಬುದೇ ಮೊದಲನೇ ಪಾಠ.

ಈಗ ಆಶೀರ್ವಾದದ ಸರದಿ. ಎಲೋದಿಯಾ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು. “ಮದ್ರಿನಾ, ಆಶೀರ್ವಾದ ಮಾಡು... ಮಾಡಿ.”

ನೇಲಿದಾ ಹಳೆಯ ಕಾಲದ ಹಾಗೆ ಕೆಂಪಾದಳು. ಓಡಿಹೋಗಲು ಬಾಗಿಲು ಎಲ್ಲಿದೆ ಎಂದು ನೋಡಿದಳು. “ನೀವು ನನಗೆ ‘ಮಾಡಿ’ ಅಂದ್ರೆ ನಂಗೆ ಊಟ ಇಳಿಯಲ್ಲ.”

“ನೀನು ಅವಳನ್ನ ಸೇರಿಸಿದೆ, ಅವಳು ನಿನ್ನನ್ನ ಸೇರಿಸಿದ್ಳು,” ಎಂದಳು ಮೆಲ್ಚೋರಾ. “ತಾಯಿನೂ ಬೇಡ, ಮಗಳೂ ಬೇಡ. ಕೊಮಾದ್ರೆ ಅಂತ ಕರ್ಕೊಳ್ಳಿ, ಬೀಗಿತಿಯರ ಹಾಗೆ ಸರಿಸಮ. ಈಗ ಜಾಗ ಬಿಡಿ, ಗಿರಾಕಿಗಳು ನಿಂತಿದ್ದಾರೆ.”

ನೇಲಿದಾ ಬೀದಿಯ ಎಡಸಾಲನ್ನು ಎಲೋದಿಯಾಳಿಗೆ ಬಿಟ್ಟುಕೊಟ್ಟಳು, ಮೆಲ್ಚೋರಾಳ ಅಂಗಡಿಯೂ ಸೇರಿ. ಸೋಮವಾರ ಬೆಳಿಗ್ಗೆ ಎಲೋದಿಯಾ ಹೊಸ ಪುಸ್ತಕದೊಂದಿಗೆ ಮೊದಲು ಅಲ್ಲಿಗೇ ಹೋದಳು. ಮೆಲ್ಚೋರಾ ಬೆರಳಿಟ್ಟು ತೋರಿಸಿದ್ದು ಆ ಸುತ್ತಿನಲ್ಲೇ ಎಲ್ಲಕ್ಕಿಂತ ದುಬಾರಿ ಶೀಶೆ. ಎಲೋದಿಯಾ ಒಂದು ಹನಿ ಹಚ್ಚಿದಳು, ಮೆಲ್ಚೋರಾ ಹಂಡೆ ತಿರುವಿ ಬರುವತನಕ ಹೊಸ್ತಿಲಲ್ಲಿ ಕಾದಳು, ಕೈ ಹಿಡಿದು ಮೂಸಿದಳು.

“ಬೇಡ ದೋನ್ಯಾ. ಇದು ನಿಮಗಲ್ಲ.”

“ಹಾಂ, ಈಗ ನೀನು ನೀನಾದೆ,” ಎಂದು ಮೆಲ್ಚೋರಾ ಒಂದು ಬುರುಡೆ ಚಿಚಾ ತುಂಬಿಸಿ ಅವಳ ಕೈಗಿಟ್ಟಳು. “ಸರಿ, ಒಂದು ಪೌಡರ್ ಡಬ್ಬಿ ಬರ್ಕೋ. ಕೊಸರು ಏನು ಕೊಡ್ತೀಯಾ?”