ಗೇನ್ ಇಳಿಸಲು ಊರೂರು ಅಲೆಯುವ ಓಬಳಯ್ಯ

ಬೆಳಗಿನ ಐದೂವರೆ. ಪಾವಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಅಂಗಡಿಯೊಂದರ ಬಾಗಿಲು ಅರ್ಧ ಎತ್ತಿದೆ. ಒಳಗೆ ಓಬಳಯ್ಯ ಬಗ್ಗಿ ಕೂತಿದ್ದಾರೆ. ಎದುರಿಗೆ ಪ್ಲಾಸ್ಟಿಕ್ ಸೋಪಿನ ಡಬ್ಬಿ, ಅದರೊಳಗೆ ಎರಡು ಬೆರಳಗಲದ ಸರ್ಕ್ಯೂಟ್ ಬೋರ್ಡು, ಹೊರಗೆ ಇಳಿಬಿದ್ದ ಹೆಡ್‌ಫೋನು. ಬೋರ್ಡಿನ ಮೇಲಿರುವ ಸಾಸಿವೆ ಗಾತ್ರದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ಮೀಟರಿನ ಮುಳ್ಳು ನೋಡುತ್ತಾರೆ, ಮತ್ತೆ ತಿರುಗಿಸುತ್ತಾರೆ. ಹೆಡ್‌ಫೋನನ್ನು ಮಾತ್ರ ಮರೆತೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

"ಮೊದ್ಲ ಬಸ್ಸು ಹಾರ್ನ್ ಹೊಡೆದ್ರೆ ಮುಗೀತು. ಡಬ್ಬಿ ಮೈಕು ಅದ್ನೂ ಹಿಡ್ಕಂತದೆ, ಮುಳ್ಳು ಕುಣೀತದೆ" ಎನ್ನುತ್ತಾರೆ. ನಾನು ಇನ್ನೇನೋ ಕೇಳುತ್ತೇನೆ. ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, ನನ್ನ ತುಟಿ ಆಡುತ್ತಿರುವುದನ್ನು ನೋಡಿ ನಗುತ್ತಾರೆ. "ಎಡಗಡೆ ನಿಂತು ಮಾತಾಡ್ಬ್ಯಾಡಿ ಸಾ. ಆ ಕಡೆ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯ್ತು."

ಐವತ್ತೊಂಬತ್ತು ವರ್ಷದ ಓಬಳಯ್ಯ ಮೂವತ್ತು ವರ್ಷ ಮೈಕ್‌ಸೆಟ್ ಹೊತ್ತವರು. ಶಿರಾದ ಮದುವೆಗಳಿಂದ ಕೊರಟಗೆರೆಯ ಚುನಾವಣಾ ಸಭೆಗಳವರೆಗೆ ಅವರ ಹಾರ್ನು ಕೂಗದ ಊರು ಈ ನಾಲ್ಕು ತಾಲ್ಲೂಕಿನಲ್ಲಿ ಕಡಿಮೆ. ಹಾರ್ನಿನ ಪಕ್ಕದಲ್ಲೇ ಊಟ, ಅದರ ಪಕ್ಕದಲ್ಲೇ ನಿದ್ದೆ. ಡಿಜೆ ಸೆಟ್ಟುಗಳು ಬಂದ ಮೇಲೆ ಮೈಕ್‌ಸೆಟ್ಟಿಗೆ ಕರೆ ನಿಂತಿತು. ಆಗ ಕೂತದ್ದು ಈ ರಿಪೇರಿ ಅಂಗಡಿಯಲ್ಲಿ.

ಸೋಪಿನ ಡಬ್ಬಿಯ ಕಥೆ ಶುರುವಾದದ್ದೂ ಇಲ್ಲೇ. ಬೋರ್‌ವೆಲ್ ಲಾರಿಯಲ್ಲಿ ದುಡಿದವರು, ಕಲ್ಲು ಕ್ರಷರಿನಲ್ಲಿ ದುಡಿದವರು, ಐವತ್ತು ದಾಟುವುದರೊಳಗೆ ಕಿವಿ ಮಂದವಾದವರು ಈ ಸೀಮೆಯಲ್ಲಿ ಕೇರಿಗೊಬ್ಬರಿದ್ದಾರೆ. ಕಿವಿಗಿಡುವ ಒಳ್ಳೆಯ ಮಷೀನು ಅವರ ಕೈಗೆ ಎಟುಕುವುದಿಲ್ಲ. ಓಬಳಯ್ಯ ಹಳೆಯ ಟೇಪ್‌ರೆಕಾರ್ಡರುಗಳ ಬಿಡಿಭಾಗಗಳಿಂದ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿ, ಮುಂದೊಂದು ಮೈಕು ಸಿಕ್ಕಿಸಿ ಕೊಡತೊಡಗಿದರು. ಜೇಬಿನಲ್ಲಿ ಡಬ್ಬಿ, ತಲೆಗೆ ಹೆಡ್‌ಫೋನು. ಎದುರಿನವರ ಮಾತು ಹಿಗ್ಗಿ ಕಿವಿಗೆ ಬರುತ್ತದೆ.

ಎಷ್ಟು ಹಿಗ್ಗಬೇಕು ಎನ್ನುವುದೇ ಗೇನ್. "ವಾಲ್ಯೂಮ್ ಅಂದ್ರೆ ನಲ್ಲಿ ಸಾ, ಗೇನ್ ಅಂದ್ರೆ ಮೋಟ್ರು. ಮೋಟ್ರು ಹದ ತಪ್ಪಿದ್ರೆ ನಲ್ಲಿ ಏನ್ ಮಾಡ್ತದೆ?" ಎಂದು ಅವರೇ ಬಿಡಿಸಿ ಹೇಳುತ್ತಾರೆ. ಅವರ ಡಬ್ಬಿಗೆ ನಲ್ಲಿಯೂ ಇರಲಿಲ್ಲ. ವಯಸ್ಸಾದವರು ಗುಂಡಿ ತಿರುಗಿಸಿ ಕೆಡಿಸಿಕೊಳ್ಳುತ್ತಾರೆ ಅಂತ ಒಳಗಿನ ತಿರುಪೊಂದನ್ನೇ ಇಟ್ಟು, ಹದ ಮಾಡಿ, ಅಲುಗದಂತೆ ಕೆಂಪು ನೇಲ್‌ಪಾಲಿಶ್ ಹಚ್ಚಿ ಮುಚ್ಚುತ್ತಿದ್ದರು. ಹದ ಮಾಡುವುದಕ್ಕೂ ಅವರದೇ ಪದ್ಧತಿ. ಹಾಡು ಹಾಕುವುದಿಲ್ಲ. "ನಿಂಗೆ ಯಾರ ಮಾತು ಕೇಳ್ಬೇಕು? ಅವ್ರನ್ನ ಕರ್ಕಂಡ್ ಬಾ" ಅನ್ನುತ್ತಾರೆ. ಹೆಂಡತಿಯೋ ಮಗಳೋ ಬಂದು ಎದುರಿಗೆ ಕೂತು ಮಾತಾಡಬೇಕು. ಆಗೆಲ್ಲ ಹೆಡ್‌ಫೋನನ್ನು ತಾವೇ ಹಾಕಿಕೊಂಡು ಆ ದನಿಗೆ ಗೇನ್ ಹೊಂದಿಸುತ್ತಿದ್ದರು.

ಇಂಥ ಅಂಗಡಿಗೆ ಶೋಕಿಯ ಗಿರಾಕಿಗಳೂ ಬರುತ್ತಾರೆ. ಮಧುಗಿರಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಗೌರೀಶ್ ಅಂಥವರಲ್ಲಿ ಒಬ್ಬರು. ಸಂಗೀತದ ಹುಚ್ಚು, ಬೆಲೆಬಾಳುವ ಹೆಡ್‌ಫೋನು, ಅದಕ್ಕೊಂದು ಆಂಪ್ಲಿಫೈಯರು. ಹೊಸ ಹೆಡ್‌ಫೋನಿಗೆ ಇನ್ನೂರು ಗಂಟೆ ಹಾಡು ಕುಡಿಸಿ ಪಳಗಿಸಬೇಕು, ವೈರಿಗೂ ಹಿಂದುಮುಂದು ಇರುತ್ತದೆ, ಚಿನ್ನದ ಲೇಪ ಇದ್ದರೆ ದನಿ ಬೆಚ್ಚಗಾಗುತ್ತದೆ ಎಂದೆಲ್ಲ ಓದಿಕೊಂಡು ಬಂದಿದ್ದರು. ಓಬಳಯ್ಯ ಬಿಟ್ಟಾರೆಯೇ? "ಎತ್ತು ಪಳಗಿಸ್ತಾರೆ, ವೈರು ಪಳಗಿಸ್ತಾರಾ ಸಾ? ಹಸೂಗೆ ಬೆಳ್ಳಿ ಕಣ್ಣಿ ಕಟ್ಟಿದ್ರೆ ಜಾಸ್ತಿ ಹಾಲು ಕೊಡ್ತದಾ?"

ಮಾತಿನಲ್ಲೇ ಬಿಡಲಿಲ್ಲ. ಟವೆಲ್ ಮುಚ್ಚಿ, ಒಂದು ಸಲ ಚಿನ್ನದ ಕೇಬಲ್, ಇನ್ನೊಂದು ಸಲ ಸೆಂಟ್ರಿಂಗ್ ಕೆಲಸದವರು ಕಂಬಿ ಕಟ್ಟುವ ತಂತಿ ಜೋಡಿಸಿದರು. ತಂತಿಯ ಸರದಿ ಬಂದಾಗ ಗೇನನ್ನು ಒಂದೇ ಒಂದು ಎಳೆ ಏರಿಸಿದರು. "ಇದು ಚಿನ್ನದ್ದು, ಎಷ್ಟು ಕ್ಲಿಯರ್ ನೋಡಿ!" ಅಂದರು ಗೌರೀಶ್. ಟವೆಲ್ ತೆಗೆದಾಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕರಂತೆ. "ಜೋರಾಗಿ ಕೇಳಿದ್ದೇ ಚೆಂದಾಗಿ ಕೇಳ್ತದೆ. ಕಿವಿಯಂಥ ಸುಳ್ಳುಬುರುಕ ಇನ್ನೊಬ್ಬ ಇಲ್ಲ ಸಾ. ಮೀಟರ್ ನಂಬಿ" ಎಂದು ಉಪದೇಶ ಬೇರೆ.

ಈ ಉಪದೇಶ ಮಾಡುವ ಹೊತ್ತಿಗೆ ಓಬಳಯ್ಯ ತಮ್ಮ ಕಿವಿಯನ್ನೇ ನಂಬಿ ನಲವತ್ಮೂರು ಡಬ್ಬಿ ಹದ ಮಾಡಿ ಕೊಟ್ಟಾಗಿತ್ತು.

ಬಯಲಾದದ್ದು ಎರಡು ವರ್ಷದ ಹಿಂದೆ. ತಿರುಮಣಿಯ ಪರ್ವತಯ್ಯ ಬೋರ್‌ವೆಲ್ ಲಾರಿಯಲ್ಲಿ ದುಡಿದವರು. ಅವರ ಹೊಲದಲ್ಲೀಗ ಸೋಲಾರ್ ಪ್ಯಾನೆಲ್ಲು ನಿಂತಿವೆ. ಅವರು ಹನ್ನೊಂದು ತಿಂಗಳು ಡಬ್ಬಿ ಬಳಸಿದ್ದರು. ಮಗಳು ಮಧುಶ್ರೀ ನರ್ಸು. ಬ್ಯಾಟರಿ ಬದಲಿಸಿ, ಕೆಲಸ ಮಾಡುತ್ತದೆಯೇ ನೋಡೋಣವೆಂದು ಹೆಡ್‌ಫೋನ್ ತಲೆಗೇರಿಸಿದವಳು ಮರುಗಳಿಗೆಗೆ ಕಿತ್ತೆಸೆದಳು. ನೇರ ಅಂಗಡಿಗೆ ಬಂದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಇದು ಕೇಳ್ಸೋ ಮಷೀನಲ್ಲ ಮಾಮ, ಕಿವಿಗೆ ಹೊಡೆಯೋದು. ನಮ್ಮಪ್ಪ ದಿನಾ ಇದನ್ನ ಹಾಕ್ಕಂಡವ್ನೆ."

ಓಬಳಯ್ಯ ಹಾಕಿ ನೋಡಿದರು. ಅವರಿಗೆ ಹದವಾಗಿಯೇ ಕೇಳಿತು. ತುಮಕೂರಿನಲ್ಲಿ ತಮ್ಮ ಕಿವಿ ಪರೀಕ್ಷೆ ಮಾಡಿಸಿದಾಗ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧಕ್ಕರ್ಧ ಮಂದವಾಗಿದೆ ಎಂದು ಗೊತ್ತಾಯಿತು. ಮನೆಯಲ್ಲಿ ಕುಕ್ಕರ್ ಕೂಗುವುದನ್ನು ತಾನು ಕೇಳಿ ಎಷ್ಟು ವರ್ಷವಾಯಿತು ಎಂದು ಅಂದು ಲೆಕ್ಕ ಹಾಕಿದರಂತೆ. ತನಗೆ ಸಾಕೆನಿಸುವಷ್ಟು ಗೇನ್ ಏರಿಸುತ್ತ ಹೋಗಿದ್ದರು. ಗಿರಾಕಿಗಳು, ಜೋರಾಗಿ ಕೇಳಿದ್ದೇ ಚೆಂದವೆಂದು, ತಲೆಯಾಡಿಸಿ ತೆಗೆದುಕೊಂಡು ಹೋಗಿದ್ದರು.

ಪರ್ವತಯ್ಯನ ಉಳಿದಿದ್ದ ಕಿವಿಯನ್ನು ಎಷ್ಟು ಲಾರಿ ತಿಂದಿತು, ಎಷ್ಟು ಡಬ್ಬಿ ತಿಂದಿತು ಎಂದು ಹೇಳಲಾಗದು ಅಂದಿದ್ದಾರೆ ಡಾಕ್ಟರು. "ಡಾಕ್ಟ್ರಿಗೆ ಗೊತ್ತಿಲ್ದೆ ಇರಬೌದು. ನಂಗೊತ್ತು" ಎನ್ನುತ್ತಾರೆ ಓಬಳಯ್ಯ. ದಾರಿಯಲ್ಲಿ ಸಿಕ್ಕರೆ ಪರ್ವತಯ್ಯ ಇಂದಿಗೂ ಮುಖ ತಿರುಗಿಸಿ ಹೋಗುತ್ತಾರೆ.

ಮೀಟರ್ ಇತ್ತಲ್ಲ, ಎಂದು ನಾನು ಕೇಳಿಯೇ ಬಿಟ್ಟೆ. ಸಿಟ್ಟೂ ಬಂದಿತ್ತು. "ಇತ್ತು ಸಾ. ಮೇಷ್ಟ್ರ ಆಂಪ್ಲಿಫೈಯರ್‌ಗೆ ಮೀಟರ್ ಇಟ್ಟೆ. ಇವ್ರ ಡಬ್ಬಿಗೆ ನನ್ ಕಿವೀನೇ ಸಾಕು ಅಂದ್ಕಂಡ್ಬುಟ್ಟೆ."

ಅಂದಿನಿಂದ ವಾರಕ್ಕೆ ಎರಡು ದಿನ ಅಂಗಡಿ ಬಂದ್. ನೋಟ್‌ಬುಕ್ಕಿನಲ್ಲಿ ನಲವತ್ಮೂರು ಹೆಸರು, ಚೀಲದಲ್ಲಿ ಮೀಟರು, ನೀಲಿ ನೇಲ್‌ಪಾಲಿಶ್. ಊರೂರಿಗೆ ಹೋಗಿ, ಮನೆ ಹುಡುಕಿ, ಕೆಂಪು ಬಣ್ಣ ಕೆರೆದು, ಗೇನ್ ಇಳಿಸಿ, ನೀಲಿ ಹಚ್ಚಿ, ತಪ್ಪಾಗಿದೆ ಎಂದು ಹೇಳಿ ಬರುತ್ತಾರೆ. ಮೊದಲು ಕಿವಿ ಡಾಕ್ಟರಿಗೆ ತೋರಿಸಿ ಅನ್ನುತ್ತಾರೆ. ಕೆಲವರು ಬೈದಿದ್ದಾರೆ, ಒಬ್ಬರು ಡಬ್ಬಿಯನ್ನು ಕಲ್ಲಿಗೆ ಬಡಿದಿದ್ದಾರೆ. ಗೇನ್ ಇಳಿಸಿದರೆ ಮೊದಲಿನಷ್ಟು ಕೇಳುವುದಿಲ್ಲ, ಮತ್ತೆ ಏರಿಸು ಎಂದು ಕಾಲು ಹಿಡಿದವರೂ ಇದ್ದಾರೆ. ಅದೇ ಎಲ್ಲಕ್ಕಿಂತ ಕಷ್ಟ ಅನ್ನುತ್ತಾರೆ. ಮೂವತ್ತೆಂಟು ಸಿಕ್ಕಿವೆ, ಐದು ಬಾಕಿ.

ಅದರಲ್ಲಿ ಒಂದನ್ನು ಹುಡುಕಿಕೊಂಡು ಅಂದು ನಾವಿಬ್ಬರೂ ಮಧುಗಿರಿ ಬಸ್ಸು ಹತ್ತಿ, ದಾರಿಯಲ್ಲಿ ಇಳಿದು, ಆಟೊ ಹಿಡಿದು ಐ.ಡಿ.ಹಳ್ಳಿಗೆ ಹೋದೆವು. ಕ್ರಷರಿನಲ್ಲಿ ಕಲ್ಲು ಹೊತ್ತ ಚಿಕ್ಕನರಸಯ್ಯನ ಮನೆ. ಬಾಗಿಲು ತೆರೆದದ್ದು ಹೆಂಡತಿ ದೊಡ್ಡಕ್ಕ. ಚಿಕ್ಕನರಸಯ್ಯ ಹೋಗಿ ಆರು ತಿಂಗಳಾಗಿದೆ, ಎದೆನೋವು. ಡಬ್ಬಿ ಗೋಡೆಯ ಮೊಳೆಯಲ್ಲಿ ಹೆಡ್‌ಫೋನ್ ಸಮೇತ ನೇತಾಡುತ್ತಿದೆ. ಸಡಿಲಾದ ಮುಚ್ಚಳದ ಸಂದಿಯಲ್ಲಿ ಕೆಂಪು ಬಣ್ಣ ಹಾಗೇ ಕಾಣುತ್ತದೆ.

"ಕೊನೆಕೊನೆಗೆ ಹಾಕ್ಕಂತನೇ ಇರ್ಲಿಲ್ಲ ಕಣಪ್ಪ. ಕಿವೀಲಿ ಜೀರುಂಡೆ ಕೂತವೆ ಅನ್ನೋನು" ಅಂದರು ದೊಡ್ಡಕ್ಕ. ಓಬಳಯ್ಯ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ತನ್ನ ಕಿವಿಯ ಕಥೆ, ಗೇನಿನ ಕಥೆ, ತಪ್ಪು ತನ್ನದೇ ಎಂಬುದು. ಆಕೆ ಬೈಯಲಿಲ್ಲ. ಮೊಳೆಯಲ್ಲಿದ್ದ ಡಬ್ಬಿಯನ್ನೇ ನೋಡುತ್ತ ಕೇಳಿದರು.

"ಅವತ್ತು ಅಂಗಡೀಲಿ ನನ್ನೇ ಅಲ್ವೇನಪ್ಪ ಎದ್ರಿಗೆ ಕೂರ್ಸಿ ಮಾತಾಡ್ಸಿದ್ದು? ಆಮೇಲೂ ಹಾಕ್ಕ, ಹಾಕ್ಕ ಅಂತ ಜಗಳ ಆಡಿ ಹಾಕ್ಸ್ತಿದ್ದೆ. ಅಂಗಾದ್ರೆ ನನ್ ಮಾತೇ ಅವನ ಕಿವಿ ತಿಂತಾ?"

ಓಬಳಯ್ಯ ಅಲ್ಲ, ಅಲ್ಲ ಎಂದು ಎಷ್ಟು ಸಲ ಹೇಳಿದರೋ. ದೊಡ್ಡಕ್ಕ ಒಪ್ಪಿದಂತೆ ಕಾಣಲಿಲ್ಲ. ಡಬ್ಬಿಯನ್ನು ಇಳಿಸಿ ಕೊಡಲೂ ಇಲ್ಲ. ನಾವು ಹೊರಟಾಗ ಆಕೆ ಅದೇ ಜಾಗದಲ್ಲಿ ಕೂತಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅವರ ಬಲಗಡೆ ಕೂತೆ. ನೋಟ್‌ಬುಕ್ ತೆಗೆದು ಒಂದು ಹೆಸರಿನ ಮೇಲೆ ಗೆರೆ ಎಳೆದರು. "ಅವ್ನು ಇದ್ದಿದ್ರೆ ನಂಗೆ ಬೈದು ಮುಗಿಸ್ತಿದ್ದ. ಈಗ ನನ್ ತಪ್ಪನ್ನ ಆ ಯಮ್ಮನ ತಲೆ ಮೇಲೆ ಇಟ್ಬಂದೆ. ಹೇಳಬಾರದಾಗಿತ್ತಾ ಸಾ?"

ಮಿಡಿಗೇಶಿ ದಾಟಿದ ಮೇಲೆ, ಮುಂದೇನು ಆಸೆ ಎಂದು ಬಲಗಿವಿಯ ಹತ್ತಿರ ಬಗ್ಗಿ ಕೇಳಿದೆ. ನಾಲ್ಕು ಬೆರಳು ಎತ್ತಿ ತೋರಿಸಿದರು.

"ಈ ನಾಲ್ಕು ಜನ ಬದುಕಿರ್ಲಿ ಸಾ. ಬಾಯಿಗೆ ಬಂದಂಗೆ ಬೈಲಿ. ಅಲ್ಲೀಗಂಟ ಈ ಒಂದು ಕಿವಿ ಇರ್ಬೇಕು, ಅವ್ರು ಬೈಯೋದು ನಂಗೆ ಕೇಳ್ಬೇಕು."