ಬೇಕಂತಲೇ ನಿನ್ನೆಯದು

ಅಲ್ಲ, ಅತ್ತಿಗೆ ಹಠಮಾರಿ ಅಂತ ನಾನು ಹೇಳಿದ್ದು ನಿಜ. ಆದರೆ ಯಾವ ಹಠ ಅಂತ ಹೇಳುವಷ್ಟರಲ್ಲಿ ಬಸ್ಸು ಬಂದುಬಿಟ್ಟಿತು. ಈಗ ಪೂರ್ತಿ ಕೇಳಿ.

ಡಿಪೋದ ವರ್ಕ್‌ಶಾಪಿಗೆ ಅಂಟಿಕೊಂಡು ಒಂದು ಊಟದ ಕಿಟಕಿ ಇದೆಯಲ್ಲ, ಒಳಗೆ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು, ಅಷ್ಟೇ ಜಾಗ. ಅಲ್ಲಿ ಅತ್ತೆ ಸೊಸೆ ಸೇರಿ ಟೋರ್ಟಿಯಾ ಅನ್ನುವ ತೆಳು ರೊಟ್ಟಿ ಮಾಡಿ ಬಡಿಸುತ್ತಾರೆ. ಆ ಸೊಸೆಯೇ ನಮ್ಮೆಲ್ಲರ ಅತ್ತಿಗೆ. ಮದುವೆಗೆ ಮುಂಚೆ ಇದೇ ವರ್ಕ್‌ಶಾಪಿನಲ್ಲಿ ಬಸ್ಸಿನ ಸೀಟು ಹೊಲಿಯುತ್ತಿದ್ದರು. ಊಟಕ್ಕೆಂದು ಕಿಟಕಿಗೆ ಬರುತ್ತ ಬರುತ್ತ ಕಿಟಕಿಯವರ ಮನೆಗೇ ಸೊಸೆಯಾಗಿ ಹೋದರು. ಈಗ ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಎರಡು ಹಲಗೆಗಳ ನಡುವೆ ಇಟ್ಟು, ಮೈಭಾರವೆಲ್ಲ ಹಾಕಿ ಒತ್ತಿದರೆಂದರೆ ಅಳತೆ ಹಿಡಿದು ಕತ್ತರಿಸಿದಂಥ ದುಂಡನೆಯ ಹಾಳೆ. ಕಾದ ಕಾವಲಿಯ ಮೇಲೆ ಅದು ಉಬ್ಬಬೇಕು, ಬೆರಳಲ್ಲೇ ಮಗುಚಬೇಕು, ಬಟ್ಟೆ ಹಾಸಿದ ಬುಟ್ಟಿಗೆ ಹೋಗಬೇಕು. ಬೇಯಿಸಿದ ಕಾಳು, ಹೆಚ್ಚಿದ ಈರುಳ್ಳಿ, ಖಾರದ ಟೊಮ್ಯಾಟೊ ತುಂಬಿ ಕೈಗೆ ಕೊಟ್ಟರೆ ನಾನಂತೂ ಪ್ರಪಂಚ ಮರೆಯುತ್ತೇನೆ.

ಕಿಟಕಿಯ ಮರ್ಯಾದೆ ನಿಂತಿರುವುದು ಅತ್ತೆಯ ಒಂದೇ ನಿಯಮದ ಮೇಲೆ: ನಿನ್ನೆಯದನ್ನು ಬಡಿಸುವ ಹಾಗಿಲ್ಲ. ಸಂಜೆ ಉಳಿದದ್ದೆಲ್ಲ ಹಿತ್ತಲಿನ ಕೋಳಿಗಳಿಗೆ. ಆ ಕೋಳಿಗಳು ಈಗ ನಡೆಯುವುದಿಲ್ಲ, ಉರುಳುತ್ತವೆ.

ಹೀಗಿರುವಾಗ ಒಂದು ದಿನ ಕ್ಯಾಂಟೀನ್ ಮೇಲ್ವಿಚಾರಕರು ಬಂದರು. "ನೋಡಮ್ಮ, ಡ್ರೈವರ್‌ಗಳಿಗೆ ಕೂತು ತಿನ್ನೋಕೆ ಪುರುಸೊತ್ತಿಲ್ಲ. ಸೀಟಿನ ಪಕ್ಕ ಇಟ್ಕೊಂಡು ಕುರುಕೋಕೆ ಏನಾದ್ರೂ ಬೇಕು. ಚಿಪ್ಸ್ ಮಾಡ್ತೀಯಾ? ಇಲ್ಲಾಂದ್ರೆ ಪ್ಯಾಕೆಟ್ ತಿಂಡಿ ಮಾರೋನು ಈ ಕಿಟಕಿ ಕೇಳ್ತಿದಾನೆ. ಶನಿವಾರ ಬಂದು ತಿಂದು ನೋಡ್ತೀನಿ."

"ಮಾಡ್ತೀನಿ," ಅಂದರು ಅತ್ತಿಗೆ. ಮನೆ ನಡೆಯುವುದೇ ಆ ಕಿಟಕಿಯಿಂದ, ಬೇರೆ ಏನು ಹೇಳಿಯಾರು?

ಟೋರ್ಟಿಯಾವನ್ನು ತ್ರಿಕೋನವಾಗಿ ಕತ್ತರಿಸಿ ಎಣ್ಣೆಯಲ್ಲಿ ಕರಿದರೆ ಚಿಪ್ಸ್, ಅಷ್ಟೇ ತಾನೇ? ಅತ್ತಿಗೆಯೂ ಹಾಗೇ ಅಂದುಕೊಂಡು ಕಾವಲಿಯಿಂದ ಆಗಷ್ಟೇ ಇಳಿದದ್ದನ್ನು ಕತ್ತರಿಸಿ ಬಾಣಲೆಗೆ ಬಿಟ್ಟರು. ಅದು ಎಣ್ಣೆಯನ್ನೆಲ್ಲ ಕುಡಿದು, ತಣ್ಣಗಾಗುವಷ್ಟರಲ್ಲಿ ಒದ್ದೆ ಚರ್ಮದ ಹಾಗೆ ಜೋತುಬಿತ್ತು. ಬ್ರೇಕ್ ಮಾಮ ಅಂತ ಹಿರಿಯ ಡ್ರೈವರ್ ಒಬ್ಬರಿದ್ದಾರೆ, ಅವರು ಒಂದನ್ನು ಎತ್ತಿ ನಾಲ್ಕು ಮಡಿಕೆ ಮಾಡಿದರು.

"ಹಳೇ ಚಾಳಿ ಬಿಟ್ಟಿಲ್ಲ ನೀನು. ಇದನ್ನ ಹೊಲಿದು ಸೀಟಿಗೆ ಹಾಕ್ಬಹುದು ಕಣಮ್ಮ."

"ನಾಳೆ ಹಲ್ಲು ಭದ್ರ ಮಾಡ್ಕೊಂಡು ಬನ್ನಿ ಮಾಮ," ಅಂದರು ಅತ್ತಿಗೆ.

ಮರುದಿನ ಉರಿ ಜೋರು ಮಾಡಿದರು. ಅಂಚು ಕರಕಲು, ನಡು ಮೆತ್ತಗೆ. ಆಮೇಲೆ ಇನ್ನೂ ತೆಳ್ಳಗೆ ಒತ್ತಿದರು. ಹರಿದೇಹೋಯಿತು. ಕೈತುಂಬ ಎಣ್ಣೆ ಸಿಡಿದ ಕಲೆ. "ಬಿಟ್ಬಿಡೇ, ಕಿಟಕಿ ಹೋದ್ರೆ ಬಾಗಿಲು ಹುಡುಕೋಣ" ಎಂದು ಅತ್ತೆ ಅಂದರೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಶೆಲ್ಫಿನಲ್ಲಿ ಹಿಟ್ಟಿನ ಡಬ್ಬ ಸರಿಸಿದರೆ ಹಿಂದೆ ಒಂದು ಟೋರ್ಟಿಯಾ. ಹಿಂದಿನ ದಿನ ಬುಟ್ಟಿಯಿಂದ ಜಾರಿ, ಕೋಳಿಗಳಿಗೂ ಸಿಗದೆ ಉಳಿದದ್ದು. ಅಂಚೆಲ್ಲ ಸೆಟೆದಿತ್ತು. ಎಸೆಯಲು ಎತ್ತಿದವರು, ಏನನ್ನಿಸಿತೋ, ಕತ್ತರಿಸಿ ಎಣ್ಣೆಗೆ ಹಾಕಿದರು. ಎಣ್ಣೆ ಸಿಡಿಯಲಿಲ್ಲ, ಅದು ಉಬ್ಬಲಿಲ್ಲ. ಹೊಂಬಣ್ಣಕ್ಕೆ ತಿರುಗಿ, ಜಾಲರಿಗೆ ಬಿದ್ದಾಗ ಕಣಕಣ ಅಂದಿತು. ನೀರಿನ ಪಸೆ ಆರಿತ್ತು, ಅಷ್ಟೇ ಗುಟ್ಟು.

ಆದರೆ ಅದು ನಿನ್ನೆಯದು. ಅತ್ತೆಗೆ ತಿಳಿಯದ ಹಾಗೆ ಮಾಡಿ ಮುಗಿಸಬಹುದಿತ್ತು. ಅತ್ತಿಗೆ ತಟ್ಟೆ ತಂದು ಅವರ ಮುಂದೆಯೇ ಇಟ್ಟರು.

ಅತ್ತೆ ಮುಟ್ಟಲಿಲ್ಲ. "ಕೋಳಿಗೆ ಹಾಕೋದನ್ನ ಜನಕ್ಕೆ ಹಾಕ್ತೀಯಾ? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನಂದಿನ್ನೂ ಮುಗಿದಿಲ್ಲ."

"ಉಳಿದಿದ್ದು ಕೋಳಿಗೇ ಹೋಗ್ಲಿ ಅತ್ತೆ. ಇದಕ್ಕೆ ಅಂತಲೇ ಬೇರೆ ಮಾಡಿ, ಜಾಲರಿ ಮೇಲೆ ಹರವಿ ಆರಿಸ್ತೀನಿ. ಈಗಷ್ಟೇ ಒಗೆದಿದ್ದು ಅಂತ ಒದ್ದೆ ಬಟ್ಟೆ ಹಾಕ್ಕೋತೀರಾ ನೀವು?"

ಅತ್ತೆ ಬಹಳ ಹೊತ್ತು ಕಾವಲಿ ಒರೆಸಿದರು. ಕಾವಲಿ ಆಗಲೇ ಫಳಫಳ ಅನ್ನುತ್ತಿತ್ತು.

"ಒಂದೊಂದನ್ನೂ ನಾನೇ ಮೂಸಿ ನೋಡ್ತೀನಿ," ಅಂದರು ಕೊನೆಗೆ.

ಶನಿವಾರ ಮೇಲ್ವಿಚಾರಕರು ಬಂದಾಗ ಕಿಟಕಿಯಲ್ಲಿ ಕೂತಿದ್ದವರು ಅತ್ತೆ. ಬ್ರೇಕ್ ಮಾಮ, ನಾನು, ಇನ್ನೊಂದಿಷ್ಟು ಜನ ಸುತ್ತ ನಿಂತಿದ್ದೆವು.

"ಫ್ರೆಶ್ಶಾ?" ಎಂದು ಕೇಳಿದರು ಮೇಲ್ವಿಚಾರಕರು.

ಬಾಣಲೆಯಿಂದ ಅತ್ತಿಗೆ ಕತ್ತೆತ್ತಲಿಲ್ಲ. ಜಾರಾ ಸೌಟು ಮಾತ್ರ ಕೈಯಲ್ಲೇ ನಿಂತಿತು.

"ಟೋರ್ಟಿಯಾ ನಿನ್ನೆದು," ಅಂದರು ಅತ್ತೆ. "ಬೇಕಂತಲೇ ನಿನ್ನೆದು. ಕರಿದಿದ್ದು ಈಗ. ಮೊದಲು ತಿನ್ನಿ, ಆಮೇಲೆ ಮಾತಾಡಿ."

ಕುರುಂ. ವರ್ಕ್‌ಶಾಪಿನ ಸುತ್ತಿಗೆ ಸದ್ದಿನ ನಡುವೆಯೂ ಕೇಳಿಸಿತು. ಬ್ರೇಕ್ ಮಾಮ ಒಂದನ್ನು ಮಡಚಲು ಹೋದರು, ಅದು ಎರಡಾಯಿತು. "ಸೀಟಿಗೆ ಆಗಲ್ಲ ಬಿಡು," ಅಂತ ಎರಡನ್ನೂ ಬಾಯಿಗೆ ಹಾಕಿಕೊಂಡರು. ಮೇಲ್ವಿಚಾರಕರು ಇನ್ನೊಂದು ಹಿಡಿ ತೆಗೆದುಕೊಂಡರು. ಹೊರಡುವಾಗ, "ಸೋಮವಾರದಿಂದ ಪೊಟ್ಟಣ ಕಟ್ಟಿಡಿ. ಪ್ಯಾಕೆಟ್‌ನವನಿಗೆ ಬೇಡ ಅಂತೀನಿ," ಅಂದರು.

ಆ ಕಡೆ ಹೋದರೆ ದಯವಿಟ್ಟು ಅತ್ತಿಗೆಯನ್ನು ಕಂಡು ಬನ್ನಿ. ಮಾತಾಡಿಸಿ, ಬಡಿಸಿಕೊಂಡು ತಿನ್ನಿ. ಜಾಲರಿ ಮೇಲೆ ಆರುತ್ತಿರುವುದನ್ನು ಮಾತ್ರ ಮುಟ್ಟಬೇಡಿ, ಅತ್ತೆ ಇನ್ನೂ ಮೂಸಿರುವುದಿಲ್ಲ.