ಮಾಮಾನ ಅರದ ಹಿಡಿ

ಮಾಮಾನ ಬಲ ಅಂಗೈಯ ನಡುವೆ, ಹೆಬ್ಬೆರಳಿನ ಬುಡಕ್ಕೆ ಹತ್ತಿ, ಹಳೆಯ ಎಂಟಾಣೆಯಷ್ಟು ದೊಡ್ಡ ಗಂಟು ಇತ್ತು. ಗಂಟೆಂದರೆ ಚರ್ಮವೇ ಕಲ್ಲಾಗಿದ್ದು. ಚಿಕ್ಕವಳಿದ್ದಾಗ ಭಂಡಾರಕವಠೆಯ ನಮ್ಮ ಮನೆಗೆ ಅವನು ಬಂದರೆ ನಾನು ಮೊದಲು ಹುಡುಕುತ್ತಿದ್ದುದು ಆ ಗಂಟನ್ನು. ಉಗುರಿನಿಂದ ಕೆರೆದು, ನೋವಾಗುತ್ತದೆಯೇ ಎಂದು ಕೇಳುವುದು, ಅವನು ಕಣ್ಣು ಮೇಲೆ ಮಾಡಿ ಸತ್ತವನಂತೆ ಗೋಡೆಗೆ ಒರಗುವುದು, ನಾನು ಕೂಗಾಡುವುದು. ಅವ್ವ ಒಳಗಿನಿಂದ ತನ್ನ ಅಣ್ಣನನ್ನೂ ನನ್ನನ್ನೂ ಸೇರಿಸಿ ಬೈಯುತ್ತಿದ್ದಳು.

ಅವನು ನನಗೆ ಸೋದರಮಾವ. ಮುಂದೆ ಅವನ ಮಗನನ್ನೇ ಮದುವೆಯಾಗಿ ಅಕ್ಕಲಕೋಟಕ್ಕೆ ಬಂದೆ, ಹಾಗಾಗಿ ಮಾವನೂ ಆದ. ಸೊಸೆಯಾದ ಮೇಲೆ ಮರ್ಯಾದೆಗೆಂದು ಒಂದು ದಿನ ‘ನೀವು’ ಅಂದೆ. "ಹಂಗ ಅನಬ್ಯಾಡ ಮಗಳ. ಯಾರನ್ನ ಕರದಿ ಅಂತ ಹಿಂದ ತಿರಗಿ ನೋಡಬೇಕಾಗ್ತೈತಿ" ಅಂದ. ಅಲ್ಲಿಗೆ ನನ್ನ ಬಹುವಚನ ಮುಗಿಯಿತು.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕಾರ್ಖಾನೆ ಪ್ರದೇಶ ಎಂಐಡಿಸಿಯಲ್ಲಿ, ಮಗ್ಗದ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಅವನು ಫಿಟರ್. ದಿನಾ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಎರಕ ಹೊಯ್ದು ಬಂದ ಕಬ್ಬಿಣದ ಅಂಚನ್ನು ಅರದಿಂದ ತಿಕ್ಕಿ ನುಣುಪು ಮಾಡುವುದು ಅವನ ಕೆಲಸ. ಕಣ್ಣಿಗೆ ಕಾಣದ ಒಂದು ಮುಳ್ಳು ಉಳಿದರೂ ಮಗ್ಗ ದಿನವಿಡೀ ನೂಲು ಹರಿಯುತ್ತದೆ.

ಅವರ ವರ್ಕ್‌ಶಾಪಿನಲ್ಲಿ ಒಂದು ರಿವಾಜು ಇತ್ತು. ಅರ ವರ್ಕ್‌ಶಾಪಿನದು, ಹಿಡಿ ಕೆಲಸಗಾರನದು. ಸಂಜೆ ಕೆಲಸ ಬಿಟ್ಟ ಕೂಡಲೇ ಎಲ್ಲರೂ ಅರದ ಚೂಪು ಬಾಲದಿಂದ ತಮ್ಮ ತಮ್ಮ ಹಿಡಿ ಕಳಚಿ, ಊಟದ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅರ ಸವೆದು ಹೋದರೆ ಹೊಸದು ಬರುತ್ತಿತ್ತು, ಹಿಡಿ ಮಾತ್ರ ವರ್ಷಗಟ್ಟಲೆ ಅದೇ. ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟದ ಹಾಗೆ ಒಬ್ಬರ ಹಿಡಿ ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಯಾರಾದರೂ ಹಿಡಿ ಕಳಚದೆ ಹೋದರೆ, ನಾಳೆ ಬೇಗ ಬರುತ್ತಾನೆ ಎಂದು ಅರ್ಥ.

ಹಿಡಿ ಮಾಡುವುದರಲ್ಲಿ ಮಾಮಾನಿಗೆ ಹುಚ್ಚು. ನಮ್ಮಪ್ಪ ಹೊಲದ ಜಾಲಿಯ ಕೊರಡು ಕಳಿಸಿದರೆ ಅದನ್ನು ಕಿವಿಯ ಹತ್ತಿರ ತಟ್ಟಿ ನೋಡಿ, "ಇನ್ನೂ ಹಸಿ ಐತಿ. ಒಣಗಿದ ಮ್ಯಾಲ ಸಡ್ಲ ಆಗ್ತೈತಿ" ಎಂದು ಮಾಡಿನ ಮೇಲೆ ಎಸೆಯುತ್ತಿದ್ದ. ಮಗ್ಗದ ಮುರಿದ ಲಾಳಿಯ ಕಟ್ಟಿಗೆ ಸಿಕ್ಕರೆ ಮುಖ ಅರಳುತ್ತಿತ್ತು. ಹಿತ್ತಲಲ್ಲಿ ಕಲ್ಲಿನ ಕಟ್ಟೆಗೆ, ಕಬ್ಬಿಣವನ್ನು ಕಚ್ಚಿ ಹಿಡಿಯುವ ಒಂದು ವೈಸ್ ಬಿಗಿದಿದ್ದ. ಸತ್ತ ಅರದ ಬಾಲವನ್ನು ಕೆಂಪಗೆ ಕಾಯಿಸಿ, ಹಿಡಿಯ ತೂತಿನಲ್ಲಿ ಚುಯ್ಯೆಂದು ಇಳಿಸಿ ಹದ ಮಾಡುತ್ತಿದ್ದ. ಓಣಿಯೆಲ್ಲ ಹೊಗೆ. ಪಕ್ಕದ ಮನೆಯಾಕೆ "ಏನ ಸುಡಾಕತ್ತೀರಿ" ಎಂದು ಇಣುಕಿ ನೋಡುತ್ತಿದ್ದಳು. ಆಮೇಲೆ ಅರವನ್ನು ನೆಟ್ಟಗೆ ಹಿಡಿದು ಹಿಡಿಯ ಬುಡವನ್ನು ಕಲ್ಲಿಗೆ ಮೆಲ್ಲಗೆ ಕುಟ್ಟಿದರೆ ಅದು ತಾನೇ ಬಿಗಿಯಾಗಿ ಕೂಡುತ್ತಿತ್ತು. ಸುತ್ತಿಗೆ ಎತ್ತಿದವರನ್ನು ಅವನು ಎರಡನೆಯ ಸಲ ಕಟ್ಟೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಕೈ ನೋಯುತ್ತದೆ ಎಂದು ಯಾರೇ ಹೇಳಲಿ, ಅವನದು ಒಂದೇ ಮಾತು: "ಕೈಗೆ ಬೈಯಬ್ಯಾಡ್ರಿ. ಹಿಡಿ ಬರೋಬರ ಇಲ್ಲ, ಬದಲ ಮಾಡ್ರಿ." ನನ್ನ ಹೊಲಿಗೆ ಕತ್ತರಿಗೂ ಇದೇ ಔಷಧ. ನಾನು ಮನೆಯಲ್ಲಿ ಟವೆಲ್‌ಗಳ ಅಂಚು ಹೊಲಿಯುತ್ತೇನೆ. ಹೆಬ್ಬೆರಳು ಬಾತಾಗ ಕತ್ತರಿಯ ಕಣ್ಣಿಗೆ ಬಟ್ಟೆ ಸುತ್ತಿಕೊಟ್ಟವನು ಅವನೇ. ಇವತ್ತೂ ಅದೇ ಕತ್ತರಿ.

ಆ ಮಾತೇ ನಮ್ಮ ಕಣ್ಣು ಕಟ್ಟಿತು.

ಒಂದು ದಿನ ಬಂದವನು ಚೀಲದಿಂದ ಹಿಡಿ ತೆಗೆದು, "ಇದು ಸಣ್ಣಾತು, ಕೈಯಾಗ ನಿಲ್ಲವಲ್ದು" ಅಂದ. ಸರಿ, ದಪ್ಪನೆಯದು ಮಾಡಿದೆವು. ಕೆಲವು ದಿನ ಖುಷಿ. ಮತ್ತೆ ಅರ ಜಾರಿತು. ಬೆವರಿಗೆ ಜಾರುತ್ತದೆ ಎಂದು ಸೈಕಲ್ಲಿನ ರಬ್ಬರ್ ಹಿಡಿ ಹಾಕಿ ನೋಡಿದ. ಗೋವಿನಜೋಳದ ಬೆಂಡು ಚುಚ್ಚಿ ನೋಡಿದ. ನನ್ನ ಲಟ್ಟಣಿಗೆಯ ತುಂಡು ಕತ್ತರಿಸಿ ನೋಡಿದ. ಅತ್ತೆ, "ಚಪಾತಿ ಇನ್ನ ಕಾನಸಲೇ ಲಟ್ಟಸೋಣೇನು?" ಎಂದು ಕೇಳಿದಳು. ಅರಕ್ಕೆ ನಮ್ಮ ಕಡೆ ಮರಾಠಿಯ ಕಾನಸ ಎಂಬ ಹೆಸರೇ ರೂಢಿ. ಎಲ್ಲರೂ ನಕ್ಕೆವು. ಕೊನೆಗೆ ನನ್ನ ಮಗಳ ರಬ್ಬರ್ ಚೆಂಡಿಗೇ ಅರದ ಬಾಲ ಚುಚ್ಚಿದ. ಬೇಡವಾದ ಹಿಡಿಗಳನ್ನು ನಾನು ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದೆ. ಒಂದಕ್ಕಿಂತ ಒಂದು ದಪ್ಪ. ದಿನಾ ಅದೇ ಕಿಟಕಿಯ ಧೂಳು ಒರೆಸುತ್ತಿದ್ದೆ, ಆದರೂ ಹಿಡಿಗಳು ಏನು ಹೇಳುತ್ತಿವೆ ಎಂದು ನನಗಾಗಲಿ, ಅವನಿಗಾಗಲಿ ಹೊಳೆಯಲಿಲ್ಲ.

ಒಮ್ಮೆ ಬಸ್ಸು ಜೋರಾಗಿ ಬ್ರೇಕ್ ಹಾಕಿದಾಗ ಮೇಲಿನ ಕಂಬಿ ಅವನ ಕೈಯಿಂದ ಬಿಟ್ಟುಹೋಯಿತು. ಹಣೆ ಒಡೆದುಕೊಂಡು ಮನೆಗೆ ಬಂದ. ಅರಿಷಿಣ ಒತ್ತುತ್ತ ನಾನು ಸಿಟ್ಟಿನಲ್ಲಿ, "ಬಸ್ಸಿನ ಕಂಬಿಗೂ ಒಂದು ಹಿಡಿ ಹಾಕಸ್ತಿಯೇನ ಮಾಮಾ?" ಅಂದೆ. ಅವನು ನಗಲಿಲ್ಲ. ಬಲಗೈ ನನ್ನ ಮುಂದೆ ಚಾಚಿದ.

"ಮಗಳ, ಗಂಟ ಎಲ್ಲಿ ಹೋತು ನೋಡ."

ಗಂಟು ಇರಲಿಲ್ಲ. ಆ ಜಾಗ ನನ್ನ ಮಗಳ ಅಂಗೈಯಷ್ಟು ಮೆತ್ತಗಿತ್ತು. ಹೆಬ್ಬೆರಳಿನ ಬುಡದ ಮಾಂಸ ಇಂಗಿ ಅಲ್ಲೊಂದು ಕುಳಿ ಬಿದ್ದಿತ್ತು. 

ಸೊಲ್ಲಾಪುರದ ಡಾಕ್ಟರ್ ಚಿಕ್ಕ ವಯಸ್ಸಿನವರು, ಮರಾಠಿಯವರು. ತಮ್ಮ ಕೈಯನ್ನು ಮಾಮಾನ ಕೈಯಲ್ಲಿಟ್ಟು, "ಕಾಕಾ, ಮಾಝಾ ಹಾತ್ ದಾಬಾ. ಜೋರಾತ್" ಅಂದರು. ಜೋರಾಗಿ ಅದುಮಿರಿ ಎಂದು. ಮಾಮಾ ಹಲ್ಲು ಕಚ್ಚಿದ. ಕುತ್ತಿಗೆಯ ನರ ಉಬ್ಬಿದವು. ಡಾಕ್ಟರ್ ಸ್ವಲ್ಪ ಕಾದು ಮತ್ತೆ ನಗುತ್ತ, "ದಾಬಾ ನಾ ಕಾಕಾ" ಅಂದರು.

ಅವನು ಆಗಲೇ ಅದುಮುತ್ತಿದ್ದ.

ಡಾಕ್ಟರರ ನಗು ನಿಂತಿತು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ರೋಗ. ಔಷಧ ಅದನ್ನು ತುಸು ತಡೆಯಬಹುದು, ನಿಲ್ಲಿಸಲಾರದು. ಮೊದಲೇ ಬಂದಿದ್ದರೆ? ಎಂದು ನನ್ನ ಗಂಡ ಕೇಳಿದ. ಮೊದಲೇ ಬಂದಿದ್ದರೂ ಇದೇ ಮಾತು ಹೇಳುತ್ತಿದ್ದೆ ಅಂದರು. ಆ ಉತ್ತರದಿಂದ ನಮಗೆ ಸಮಾಧಾನವಾಗಲಿ ಎಂದು ಅವರು ಹೇಳಿರಬೇಕು. ನನಗಂತೂ ಎಲ್ಲ ಬಾಗಿಲೂ ಒಟ್ಟಿಗೆ ಮುಚ್ಚಿದ ಹಾಗಾಯಿತು.

ಎಷ್ಟು ದಿನ ಬದುಕುತ್ತೇನೆ ಎಂದು ಮಾಮಾ ಕೇಳಲಿಲ್ಲ. ಬಸ್ ನಿಲ್ದಾಣದಲ್ಲಿ ನನ್ನ ಕಿವಿಯ ಹತ್ತಿರ ಬಾಗಿ, "ಎಡಗೈಗಿ ಎಷ್ಟ ದಿನಾ ಕೊಟ್ಟಾರ?" ಅಂದ.

ಮರುದಿನ ವರ್ಕ್‌ಶಾಪಿಗೆ ಹೋದವನು ಮಧ್ಯಾಹ್ನವೇ ಬಂದುಬಿಟ್ಟ. ಆರಾಮ ಮಾಡಿ ಎಂದು ಅವರೇ ರಿಕ್ಷಾ ಹತ್ತಿಸಿ ಕಳಿಸಿದ್ದರು. ನಾನು ಚೀಲ ತೆಗೆದು ನೋಡಿದೆ, ಡಬ್ಬಿ ಮಾತ್ರ ಇತ್ತು.

"ಹಿಡಿ ಎಲ್ಲಿ ಮಾಮಾ?"

"ಅಲ್ಲೇ ಕಾನಸಕ್ಕ ಬಿಟ್ಟ ಬಂದೀನಿ. ನಾ ಬರತೀನಿ ಅಂತ ಅವರಿಗಿ ತಿಳೀಬೇಕಲ್ಲ."

ಅಂದಿನಿಂದ ಹಿತ್ತಲಿನ ಕಟ್ಟೆಯೇ ಅವನ ವರ್ಕ್‌ಶಾಪ್. ಎಡಗೈಗೆ ಹೊಸ ಹಿಡಿ ಮಾಡಿಕೊಂಡ. ಮಾಡಿದ್ದು ನಾನು, ಹೇಳಿದ್ದು ಅವನು. ಜೀವಮಾನವೆಲ್ಲ ಬಲಗೈಯಲ್ಲಿ ತಿಕ್ಕಿದವನಿಗೆ ಎಡಗೈ ಮಾತು ಕೇಳುತ್ತಿರಲಿಲ್ಲ. ವೈಸಿನಲ್ಲಿದ್ದ ಕಬ್ಬಿಣದ ತುಂಡು ಓರೆಯಾಗಿ ಸವೆಯುತ್ತಿತ್ತು. "ನೋಡ ಇದರ ಡೌಲ" ಎಂದು ತುಂಡಿಗೇ ಬೈಯುತ್ತಿದ್ದ. ಆದರೂ ಬಿಡಲಿಲ್ಲ. ಕೆಲವು ತಿಂಗಳಾಗುವ ಹೊತ್ತಿಗೆ ಅಂಚು ನೆಟ್ಟಗಾಯಿತು. ಎಡ ಅಂಗೈಯ ನಡುವೆ ಗುಂಡಗೆ ಚರ್ಮ ದಡ್ಡುಗಟ್ಟಿತು. ಅದನ್ನು ಓಣಿಯವರಿಗೆಲ್ಲ ತೋರಿಸಿದ.

ಆಮೇಲೆ ಎಡಗೈಯೂ ಬಿಡತೊಡಗಿತು.

ಇನ್ನು ಯಾವ ಹಿಡಿ ಮಾಡುವುದು? ನಾನು ಟವೆಲ್ಲಿನ ಅಂಚಿನ ಪಟ್ಟಿ ಹರಿದು, ಅವನ ಬೆರಳುಗಳನ್ನು ಹಿಡಿಯ ಮೇಲೆ ಮಡಿಸಿ, ಮುಂಗೈವರೆಗೆ ಸುತ್ತಿ ಕಟ್ಟಿದೆ. ಹಾಗೆ ಕಟ್ಟಿದರೆ ಭುಜದ ಬಲದಿಂದ ಅರ ಒಂದಿಷ್ಟು ಓಡುತ್ತಿತ್ತು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ನಮ್ಮಿಬ್ಬರ ಪೂಜೆ ಅದೇ.

"ಬಿಗಿ ಆತೇನ ಮಾಮಾ?"

"ಇನ್ನೊಂದ ಸುತ್ತ ಹಾಕ."

ನನ್ನ ಗಂಡನಿಗೆ ಇದನ್ನು ನೋಡಲು ಆಗುತ್ತಿರಲಿಲ್ಲ. ಅವನು ಚಿಂಚೋಳಿ ಎಂಐಡಿಸಿಯ ಗೋದಾಮಿನಲ್ಲಿ ಕೆಲಸಕ್ಕಿದ್ದ. ಒಂದು ರಜೆಯ ದಿನ ಹಿತ್ತಲಿಗೆ ಬಂದು, "ಸಾಕ ಮಾಡ ಇನ್ನ. ಯಾಕ ಅವಗ ಸುಳ್ಳ ಆಸೆ ಹಚ್ಚಾಕತ್ತಿ?" ಎಂದು ನನ್ನ ಮೇಲೆ ಕೂಗಿದ. "ನಾ ಎಲ್ಲಿ ಹಚ್ಚೀನಿ? ನೀನ ಬಿಡಸ ನೋಡೋಣ" ಎಂದು ನಾನೂ ಕೂಗಿದೆ. ಅವನು ವೈಸ್ ಕಿತ್ತುಹಾಕಲು ಪಾನಾ ತಂದು ಬೋಲ್ಟಿಗೆ ಹಚ್ಚಿದ. ಮಾಮಾ ಕಟ್ಟಿದ ಕೈಯನ್ನು ಎತ್ತಿ ವೈಸಿನ ಮೇಲೆ ಅಡ್ಡ ಇಟ್ಟ. ಆ ಹೊತ್ತಿಗೆ ಮಾತು ತೊದಲುತ್ತಿತ್ತು, ಆದರೂ ಅಂದದ್ದು ಇಬ್ಬರಿಗೂ ತಿಳಿಯಿತು: "ಇದನ್ನ ತಗದರ ನಾ ಏನಂತ ಏಳಲಿ ಮುಂಜಾನಿ?" ನನ್ನ ಗಂಡ ಪಾನಾ ಕೆಳಗಿಟ್ಟು, ಅಪ್ಪನ ಕಾಲ ಹತ್ತಿರ ಕೂತು ಅತ್ತ. ನನಗೆ ಅಳುವಷ್ಟು ವ್ಯವಧಾನ ಇರಲಿಲ್ಲ, ಪಟ್ಟಿ ಸಡಿಲಾಗಿತ್ತು.

ಆ ದಿನಗಳಲ್ಲಿ ನನಗೆ ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಅಕ್ಕಲಕೋಟದ ಸ್ವಾಮಿಗಳ ಮಠದ ಮುಂದೆ ಹಾದುಹೋದರೆ ಕೈ ಮುಗಿಯುತ್ತಿರಲಿಲ್ಲ. ದೂರದೂರಿನಿಂದ ಜನ ಹರಕೆ ಹೊತ್ತು ನಮ್ಮೂರಿಗೆ ಬರುತ್ತಾರೆ, ಊರಲ್ಲೇ ಇರುವ ಇವನ ಒಂದು ಕೈ ಉಳಿಸಲಿಕ್ಕೆ ಆಗಲಿಲ್ಲವೇ ಎಂದು. ಪಟ್ಟಿ ಸುತ್ತುವಾಗ ಮಾತ್ರ ಸಿಟ್ಟು ಇಳಿಯುತ್ತಿತ್ತು. ಬದುಕಿನಲ್ಲಿ ನನಗೆ ಯಾರಾದರೂ ತಾಳ್ಮೆ ಕಲಿಸಿದ್ದರೆ ಅದು ಆ ಬೆಳಗುಗಳಲ್ಲಿ ಅವನು ಕಲಿಸಿದ್ದು. ಕೊನೆಕೊನೆಗೆ ಅರ ಓಡುತ್ತಿರಲಿಲ್ಲ, ಕಬ್ಬಿಣದ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಗಂಟಲಿನಿಂದ ನನಗೊಬ್ಬಳಿಗೇ ತಿಳಿಯುವಂಥ ದನಿ ಹೊರಡುತ್ತಿತ್ತು. ಇನ್ನೊಂದು ಸುತ್ತು.

ಒಂದು ಬೆಳಿಗ್ಗೆ ನಾನು ಪಟ್ಟಿ ಹಿಡಿದು ಹೋದಾಗ ಅವನು ಎದ್ದಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರ ಇಷ್ಟಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಮಾಮಾನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ವರ್ಕ್‌ಶಾಪಿನ ಜೊತೆಗಾರರೊಬ್ಬರು ಅವನು ಬಿಟ್ಟುಬಂದಿದ್ದ ಹಿಡಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. "ಯಾರೂ ಮುಟ್ಟಿಲ್ರಿ ವೈನಿ. ಕಾನಸಕ್ಕ ಹಂಗ ಇಟ್ಟಿದ್ವಿ" ಎಂದು ನನ್ನ ಕೈಗೆ ಕೊಟ್ಟರು.

ಕ್ರಿಯೆ ಮಾಡಿಸಲು ಬಂದ ಅಯ್ಯನವರು ಲಿಂಗವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಬೆರಳು ಬಿಚ್ಚಿಕೊಂಡವು, ಲಿಂಗ ತೊಡೆಯ ಮೇಲೆ ಉರುಳಿತು. ಮತ್ತೆ ಇಟ್ಟರು, ಮತ್ತೆ ಉರುಳಿತು. "ಕೈ ಹಿಡೀವಲ್ದಲ್ರಿ" ಎಂದು ಮೆಲ್ಲಗೆ ಅಂದರು. ಯಾರೋ ದಾರ ತನ್ನಿ ಅಂದರು. ಅತ್ತೆ ಅಳುವುದನ್ನು ನಿಲ್ಲಿಸಿ, "ಅಕಿಗಿ ಬಿಡ್ರಿ, ಅಕಿಗಿ ಬರ್ತೈತಿ" ಎಂದು ನನ್ನನ್ನು ಮುಂದೆ ತಳ್ಳಿದಳು.

ಪಟ್ಟಿ ಬೆಳಗಿನಿಂದ ನನ್ನ ಸೊಂಟದಲ್ಲೇ ಸಿಕ್ಕಿಕೊಂಡಿತ್ತು. ಅಯ್ಯನವರು ಲಿಂಗವನ್ನು ಎಡ ಅಂಗೈಯ ಆ ಹೊಸ ಗಂಟಿನ ಮೇಲೆ ಇಟ್ಟರು. ನಾನು ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಮುಂಗೈವರೆಗೆ ಸುತ್ತಿದೆ. ರೂಢಿಯ ಬಾಯಿ, ತಡೆಯಲಾಗಲಿಲ್ಲ.

"ಬಿಗಿ ಆತೇನ ಮಾಮಾ?"

ನಾನು ಇನ್ನೊಂದು ಸುತ್ತು ಹಾಕಿ ಗಂಟು ಕಟ್ಟಿದೆ.